ಎಂಎಲ್‌ಸಿ ಚುನಾವಣೆ: ಹಳಬರು ಎಡವುವುದು ಎಲ್ಲಿ?

2022ರ ಜೂನ್ 13ರಂದು ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಮೇಲ್ಮನೆಯಾದ ವಿಧಾನ ಪರಿಷತ್ತಿನ ಎರಡು ಸ್ಥಾನಗಳಿಗೆ ಮತದಾನ ನಡೆಯಿತು. ವಾಯವ್ಯ ಪದವೀಧರ ಕ್ಷೇತ್ರದಲ್ಲಿ ಬಿಜೆಪಿಯ ಹಾಲಿ ಸದಸ್ಯ ಹಣಮಂತ ನಿರಾಣಿ ಗೆದ್ದರು. ವಾಯವ್ಯ ಶಿಕ್ಷಕರ ಕ್ಷೇತ್ರದಲ್ಲಿ ಅದೇ ಪಕ್ಷದ ಹಾಲಿ ಸದಸ್ಯ ಅರುಣ ಶಹಾಪುರ, ಚಿಕ್ಕೋಡಿಯ ಮಾಜಿ ಸಂಸದ ಕಾಂಗ್ರೆಸ್ಸಿನ ಪ್ರಕಾಶ ಹುಕ್ಕೇರಿ ಎದುರು ಸೋತರು. ಅತ್ತ ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲಿ 1980ರಿಂದ ಗೆಲ್ಲುತ್ತ ಬಂದ ಬಸವರಾಜ ಹೊರಟ್ಟಿ, ಪಕ್ಷ ಬದಲಿಸಿಯೂ ಎಂಟನೆಯ ಸಲ ಆರಿಸಿ ಬಂದರು. ಗಾಳಿ ಅತ್ತ ಬೀಸಿತು, ಇತ್ತ ಬೀಸಿತು ಅಂತ ಹೇಳಿ ಇದನ್ನು ವಿವರಿಸಲು ಬರುವುದಿಲ್ಲ.

ಹಳಬರ ನಿಜವಾದ ಬಂಡವಾಳ ಮತದಾರರ ಪಟ್ಟಿ. ವಿಧಾನಸಭೆಯ ಪಟ್ಟಿಯಂತೆ ಇದು ವರ್ಷದಿಂದ ವರ್ಷಕ್ಕೆ ಮುಂದುವರಿಯುವುದಿಲ್ಲ; ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ. ಕಳೆದ ಸಲ ಓಟು ಹಾಕಿದವರೂ ಮತ್ತೆ ಅರ್ಜಿ ಕೊಡಬೇಕು. ಪದವೀಧರರಿಗೆ ನಮೂನೆ 18, ಶಿಕ್ಷಕರಿಗೆ ನಮೂನೆ 19. ಅರ್ಹತಾ ದಿನಾಂಕ ನವೆಂಬರ್ 1. ಅಕ್ಟೋಬರ್ ಆರಂಭದಲ್ಲಿ ಪ್ರಕಟಣೆ ಬರುತ್ತದೆ, ನವೆಂಬರ್ ಮೊದಲ ವಾರಕ್ಕೆ ಮುಖ್ಯ ಗಡುವು ಮುಗಿಯುತ್ತದೆ. ದಸರಾ, ದೀಪಾವಳಿ ಗದ್ದಲದಲ್ಲಿ ಈ ಅವಧಿ ಕಳೆದುಹೋಗುವುದು ಸುಲಭ. ಟಿಕೆಟ್ ಸಿಕ್ಕಮೇಲೆ ಏಪ್ರಿಲ್‌ನಲ್ಲಿ ಓಡಾಟ ಶುರುಮಾಡುವ ಹೊಸಬ, ಬೇರೆಯವರು ಸೇರಿಸಿದ ಮತದಾರರ ಮುಂದೆ ಕೈಮುಗಿಯಬೇಕಾಗುತ್ತದೆ.

ಪದವೀಧರರ ವಿಷಯದಲ್ಲಿ ಹೆಚ್ಚು ಗೊಂದಲ, ಪದವಿ ಮುಗಿದು ಮೂರು ವರ್ಷ ಆಗಿರಬೇಕೆಂಬ ಲೆಕ್ಕದ್ದು. ಆ ಮೂರು ವರ್ಷ ಘಟಿಕೋತ್ಸವದ ದಿನದಿಂದಲ್ಲ, ವಿಶ್ವವಿದ್ಯಾಲಯ ಫಲಿತಾಂಶ ಪ್ರಕಟಿಸಿದ ದಿನದಿಂದ. ನಿರಾಣಿಯವರ ಅವಧಿ ಮುಗಿಯುವುದು 2028ರ ಮಧ್ಯದಲ್ಲಿ. ಪಟ್ಟಿ 2027ರ ನವೆಂಬರ್ 1ಕ್ಕೆ ತಯಾರಾದರೆ, 2024ರ ನವೆಂಬರ್ 1ಕ್ಕೂ ಮೊದಲು ಫಲಿತಾಂಶ ಬಂದಿರಬೇಕು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಓದಿದವರು ಅಂಕಪಟ್ಟಿಯ ಮೇಲಿನ ದಿನಾಂಕವನ್ನು ಈಗಲೇ ನೋಡಿಕೊಳ್ಳುವುದು ಒಳ್ಳೆಯದು. ಪಕ್ಷದವರು ಗಂಟು ಕಟ್ಟಿ ತಂದುಕೊಡುವ ಅರ್ಜಿಗಳನ್ನು ಪರಿಗಣಿಸುವುದಿಲ್ಲ. ಮನೆಯ ಒಬ್ಬರು ಮನೆಯವರೆಲ್ಲರದನ್ನೂ ಕೊಡಬಹುದು.

ಶಿಕ್ಷಕರಲ್ಲಿ ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನವರಿಗೆ ಮಾತ್ರ ಹಕ್ಕು. ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷ ಪಾಠ ಮಾಡಿರಬೇಕು. ಹಾಗಾಗಿ ಇತ್ತೀಚೆಗೆ ನಿವೃತ್ತರಾದವರೂ ಅರ್ಹರೇ, ಎಷ್ಟೋ ಮಂದಿ ಇದನ್ನು ಮರೆತಿರುತ್ತಾರೆ. ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ ಓಟಿಲ್ಲ, ಆದರೆ ಅಭ್ಯರ್ಥಿ ಶಿಕ್ಷಕನೇ ಆಗಿರಬೇಕೆಂಬ ನಿಯಮವೂ ಇಲ್ಲ! ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರನಾಗಿದ್ದು 30 ವರ್ಷ ತುಂಬಿದ್ದರೆ ಆಯಿತು. 1972ರಲ್ಲಿ ಸುಪ್ರೀಂ ಕೋರ್ಟ್ ಪದವೀಧರ ಕ್ಷೇತ್ರದ ಬಗ್ಗೆ ಹೀಗೆಯೇ ತೀರ್ಪು ಕೊಟ್ಟಿದೆ. ಸಂಸ್ಥೆಯ ಮುಖ್ಯಸ್ಥರು ಸಿಬ್ಬಂದಿಯ ಅರ್ಜಿಗಳನ್ನು ಒಟ್ಟಿಗೆ ಸಲ್ಲಿಸಲು ಅವಕಾಶವಿರುವುದರಿಂದ ಬೆಳಗಾವಿಯ ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ಬಿವಿವಿ ಸಂಘದಂಥ ದೊಡ್ಡ ಸಂಸ್ಥೆಗಳ ಸ್ಟಾಫ್‌ರೂಮುಗಳಿಗೆ ಎಲ್ಲ ಅಭ್ಯರ್ಥಿಗಳೂ ಎಡತಾಕುತ್ತಾರೆ.

ಇನ್ನು ಎಣಿಕೆ. ಹಾಲಿ ಸದಸ್ಯರು ಮುಗ್ಗರಿಸುವ ಎರಡನೆಯ ಜಾಗ ಇದು. ಇಲ್ಲಿ ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ತಮ್ಮ ಇಷ್ಟದ ಕ್ರಮವನ್ನು, ಅಂದರೆ ಪ್ರಾಶಸ್ತ್ಯವನ್ನು, ಬರೆಯುತ್ತಾರೆ. ಸಿಂಧು (ಊರ್ಜಿತ) ಮತಗಳ ಅರ್ಧಕ್ಕೆ ಒಂದು ಕೂಡಿಸಿದರೆ ಗೆಲುವಿನ ಕೋಟಾ. ಕಾಲ್ಪನಿಕ ಲೆಕ್ಕ ಹಿಡಿಯಿರಿ: ಸಿಂಧು ಮತ 20,001, ಕೋಟಾ 10,001. ಹಾಲಿ ಸದಸ್ಯನಿಗೆ 8,400, ಮುಖ್ಯ ಎದುರಾಳಿಗೆ 7,900, ಮೂರನೆಯವನಿಗೆ 2,500, ನಾಲ್ಕನೆಯವನಿಗೆ 1,201. ನಾಲ್ಕನೆಯವನನ್ನು ಕೈಬಿಟ್ಟು ಅವನ ಮತಪತ್ರಗಳ ಎರಡನೆ ಪ್ರಾಶಸ್ತ್ಯ ಹಂಚಿದಾಗ ಹಾಲಿಗೆ 200, ಎದುರಾಳಿಗೆ 300, ಮೂರನೆಯವನಿಗೆ 400. ಉಳಿದ 301ರಲ್ಲಿ ಮುಂದಿನ ಅಂಕಿಯೇ ಇಲ್ಲ. ಆಮೇಲೆ ಮೂರನೆಯವನ 2,900 ಹಂಚಿದರೆ ಹಾಲಿಗೆ 700, ಎದುರಾಳಿಗೆ 1,300, ಮತ್ತೆ 900 ವ್ಯರ್ಥ. ಈಗ 9,300 ಎದುರು 9,500. ಕೋಟಾ ಯಾರೂ ಮುಟ್ಟಿಲ್ಲ, ಆದರೂ ಕಡಿಮೆ ಇರುವ ಹಾಲಿ ಸದಸ್ಯ ಹೊರಗೆ. ‘ನನಗೊಬ್ಬನಿಗೇ ಒಂದು ಹಾಕಿ, ಬೇರೆ ಏನೂ ಬರೆಯಬೇಡಿ’ ಎನ್ನುವ ಪ್ರಚಾರ ತನ್ನವರ ಮಟ್ಟಿಗೆ ಸರಿ. ಗೆಲ್ಲಲಾರದ ಪಕ್ಷೇತರರ ಬೆಂಬಲಿಗರ ಹತ್ತಿರ ಹೋಗಿ ‘ಎರಡನೆಯದಾದರೂ ಕೊಡಿ’ ಎಂದು ಕೇಳದವನು ದಡ್ಡ.

ಸ್ಥಳೀಯ ಸಂಸ್ಥೆಗಳ ಬೆಳಗಾವಿ ಕ್ಷೇತ್ರದಲ್ಲಿ ಎರಡು ಸ್ಥಾನ, ಅಲ್ಲಿ ಕೋಟಾ ಮೂರನೆಯ ಒಂದು ಪಾಲು ಮತ್ತು ಒಂದು. 2021ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ಸಿನ ಚನ್ನರಾಜ ಹಟ್ಟಿಹೊಳಿ ಒಂದು ಸ್ಥಾನ ಗೆದ್ದರು, ಇನ್ನೊಂದು ಪಕ್ಷೇತರ ಲಖನ್ ಜಾರಕಿಹೊಳಿ ಪಾಲಾಯಿತು. ಬಿಜೆಪಿಯ ಮುಖ್ಯ ಸಚೇತಕರಾಗಿದ್ದ ಮಹಾಂತೇಶ ಕವಟಗಿಮಠ ಸೋತರು. ಎರಡು ಸ್ಥಾನದ ಕ್ಷೇತ್ರದಲ್ಲಿ ಬಲವಾದ ಮೂರನೆಯವನು ಬಂದರೆ ಹಳಬನಿಗೆ ಸುರಕ್ಷಿತ ಸೀಟು ಎಂಬುದು ಉಳಿಯುವುದಿಲ್ಲ.

ಮತ ಕೆಡುವ ಕಾರಣಗಳು ಸಣ್ಣವು, ಓದಿದವರೇ ಕೆಡಿಸುವುದು ಸೋಜಿಗ. ಮತಗಟ್ಟೆಯಲ್ಲಿ ಕೊಟ್ಟ ನೇರಳೆ ಸ್ಕೆಚ್ ಪೆನ್ನು ಬಿಟ್ಟು ಜೇಬಿನ ಪೆನ್ನು ಬಳಸುವುದು, ಟಿಕ್ ಹಾಕುವುದು, ‘ಒಂದು’ ಎಂದು ಅಕ್ಷರದಲ್ಲಿ ಬರೆಯುವುದು, ಇಬ್ಬರಿಗೆ 1 ಹಾಕುವುದು, ಅಭ್ಯಾಸಬಲದಿಂದ ಸಹಿ ಮಾಡುವುದು: ಇವೆಲ್ಲ ತಿರಸ್ಕೃತ. ಕನ್ನಡ ಅಂಕಿಯೂ ನಡೆಯುತ್ತದೆ, ಮರಾಠಿಯವರ ದೇವನಾಗರಿ ಅಂಕಿಯೂ ನಡೆಯುತ್ತದೆ. ಒಂದೇ ಪತ್ರದಲ್ಲಿ ಬೆರೆಸದಿದ್ದರೆ ತಂಟೆಯಿಲ್ಲ. 1 ಸರಿಯಾಗಿದ್ದು 2 ಮಾತ್ರ ಇಬ್ಬರಿಗೆ ಬಿದ್ದಿದ್ದರೆ ಮೊದಲ ಮತ ಊರ್ಜಿತ. ಎಣಿಕೆ ಏಜೆಂಟರಿಗೆ ಈ ಕೊನೆಯ ಅಂಶ ಗೊತ್ತಿರಲೇಬೇಕು, ಏಕೆಂದರೆ ಅನುಮಾನದ ಮತಪತ್ರಗಳನ್ನು ಬೇರೆ ಇಟ್ಟು ಪರಿಶೀಲಿಸುವಾಗ ಅಂಥವನ್ನು ಎತ್ತಿಹಿಡಿದು ವಾದಿಸಬೇಕಾದವರು ಅವರೇ.