ಬಾಲ್ ಫೋರ್, ನಡಿ ಮಗಾ

ಚಿಕ್ಕಮಗಳೂರು
23 ಆಗಸ್ಟ್ 2025, ಶನಿವಾರ

ಮೊದಲ ಇನ್ನಿಂಗ್ಸ್‌ನಲ್ಲೇ ಒಂದು ಟೀಮಿಗೆ 14 ರನ್, ಇನ್ನೊಂದಕ್ಕೆ 13. ಅಷ್ಟು ಹೊತ್ತಿಗೆ ಬ್ಯಾಟಿಗೆ ಬಾಲು ಒಂದ್ಸಲವೂ ನೆಟ್ಟಗೆ ತಾಗಿರಲಿಲ್ಲ.

ಸಾಫ್ಟ್‌ಬಾಲ್ ನೋಡದವರಿಗೆ ಇದು ಹೇಗೆ ಅಂತ ಅನ್ನಿಸಬಹುದು. ಪಿಚರ್ ಕೈಯನ್ನು ಕೆಳಗಿನಿಂದ ಬೀಸಿ ಬಾಲು ಎಸೆಯಬೇಕು. ಅದು ಬ್ಯಾಟ್ ಹಿಡಿದವಳ ಮುಂದೆ ನೆಲದಲ್ಲಿರೋ ಹೋಮ್ ಪ್ಲೇಟಿನ ಮೇಲೆ, ಅವಳ ಕಂಕುಳಿಗೂ ಮಂಡಿಗೂ ನಡುವೆ ಹಾದು ಹೋದರೆ ಸ್ಟ್ರೈಕ್. ಅಂಥ ಮೂರಾದರೆ ಅವಳು ಔಟ್. ಹಾಗೆ ಹೋಗದೆ, ಅವಳೂ ಬ್ಯಾಟ್ ಬೀಸದಿದ್ದರೆ ಬಾಲ್. ನಾಲ್ಕು ಬಾಲ್ ಆದರೆ ಅವಳು, ಓಡಿ ಮುಟ್ಟಬೇಕಾದ ಮೂರು ಬೇಸುಗಳಲ್ಲಿ ಮೊದಲನೆಯದಾದ ಫಸ್ಟ್ ಬೇಸಿಗೆ ಆರಾಮಾಗಿ ನಡೆದು ಹೋಗಬಹುದು. ಇವತ್ತು ಎಲ್ಲರೂ ನಡೆದರು. ಒಬ್ಬಳ ಹಿಂದೆ ಒಬ್ಬಳು, ಜಾತ್ರೆಗೆ ಹೊರಟವರ ಹಾಗೆ. ಮೂರು ಬೇಸೂ ತುಂಬಿದ ಮೇಲೆ ಇನ್ನೊಬ್ಬಳು ನಡೆದರೆ ಮುಂದಿನವಳು ಹೋಮಿಗೆ ಬರಲೇಬೇಕು. ಅದೇ ರನ್ನು. ಆದ ಔಟ್‌ಗಳೂ ಬೇಸ್ ಬಿಟ್ಟು ಹರಟೆ ಹೊಡೀತಾ ನಿಂತವರದ್ದೇ.

14 ವರ್ಷದೊಳಗಿನ ಹುಡುಗಿಯರ ಪ್ರಾಕ್ಟೀಸ್ ಮ್ಯಾಚ್, ಅಂಪೈರ್ ನಾನು. ಒಂದು ನಮ್ಮ ಊರಿನ ಶಾಲೆ, ಇನ್ನೊಂದು ಕಡೂರು ಕಡೆಯದು. ಅಲ್ಲಿ ಬಿಸಿಲಿತ್ತಂತೆ. ಇಲ್ಲಿ ಮಘೆ ಮಳೆ ಬೆಳಗ್ಗೆಯಿಂದ ಜಿನುಗುತ್ತಾನೇ ಇತ್ತು. ಮುಳ್ಳಯ್ಯನಗಿರಿ ಕಡೆ ಬರೀ ಮಂಜು. ಆ ಮಕ್ಕಳು ಸ್ವೆಟರ್ ಬಿಚ್ಚಲೇ ಇಲ್ಲ. ಸುಣ್ಣದಲ್ಲಿ ಎಳೆದ ಗೆರೆ ಅರ್ಧ ಗಂಟೆಯಲ್ಲೇ ಮಾಯ. ಈ ಆಟ ಹುಟ್ಟಿದ್ದು 1887ರಲ್ಲಿ, ಶಿಕಾಗೋದ ಒಂದು ಕ್ಲಬ್ಬಿನ ಒಳಗೆ. ಸುತ್ತಿ ಕಟ್ಟಿದ ಬಾಕ್ಸಿಂಗ್ ಗ್ಲೌಸ್ ಬಾಲು, ಪೊರಕೆ ಕೋಲು ಬ್ಯಾಟು. ಸೂರಿನ ಕೆಳಗೆ ಆಡೋದಕ್ಕೆ ಅಂತಲೇ ಶುರು ಮಾಡಿದ್ದನ್ನು ನಾವು ತಂದು ಮಲೆನಾಡಿನ ಮಳೆಗೆ ಹಾಕಿದ್ದೀವಿ.

ಎರಡೂ ಟೀಮಿಗೆ ಸೇರಿ ಒಂದೇ ಸೆಟ್ ಗ್ಲೌಸ್. ಬ್ಯಾಟ್ ಹಿಡಿದವಳ ಹಿಂದೆ ಕೂತು ಬಾಲು ಹಿಡಿಯೋ ಕ್ಯಾಚರ್ ಕಾಲಿಗೆ ಕ್ರಿಕೆಟ್ ಪ್ಯಾಡು. ಎಡಗೈಯಲ್ಲಿ ಎಸೆಯುವ ಹುಡುಗಿ ಒಬ್ಬಳಿದ್ದಳು. ಅವಳಿಗೆ ಬೇಕಾಗಿದ್ದು ಬಲಗೈಗೆ ಹಾಕೋ ಗ್ಲೌಸು. ಇದ್ದವೆಲ್ಲ ಎಡಗೈಯವೇ. ಪಾಪ, ಅದನ್ನೇ ಹಾಕಿಕೊಂಡು ಬಾಲು ಹಿಡಿಯೋದು, ಗ್ಲೌಸ್ ಕಿತ್ತು ನೆಲಕ್ಕೆ ಹಾಕೋದು, ಆಮೇಲೆ ಎಸೆಯೋದು. ಅಷ್ಟರಲ್ಲಿ ರನ್ನರ್ ಎರಡು ಬೇಸ್ ದಾಟಿರುತ್ತಿದ್ದಳು. ಇಡೀ ಮೈದಾನದಲ್ಲಿ ಬಾಲನ್ನು ಬಿಡದೆ ಹಿಡಿದವಳು ಅವಳೊಬ್ಬಳೇ.

ಚೆನ್ನಾಗಿ ಆಡುವವರ ಮಧ್ಯೆ ಅಂಪೈರಿಗೆ ಕೆಲಸ ಕಮ್ಮಿ. ಇಂಥ ಆಟದಲ್ಲಿ ಪ್ರತಿ ಎಸೆತಕ್ಕೂ ಬಾಯಿ ಬಿಡಬೇಕು. ಕ್ಯಾಚರ್ ಹಿಂದೆ ಬಗ್ಗು, ನೋಡು, ‘ಬಾಲ್’ ಅನ್ನು, ಬಾಲ್-ಸ್ಟ್ರೈಕ್ ಲೆಕ್ಕ ಇಡೋಕೆ ಕೈಯಲ್ಲಿರೋ ಇಂಡಿಕೇಟರ್ ತಿರುಗಿಸು, ಲಂಟಾನ ಪೊದೆಯೊಳಗೆ ಹೋದ ಬಾಲು ವಾಪಸ್ ಬರೋವರೆಗೆ ಕಾಯಿ. ಬೇಲಿ ಪಕ್ಕ ನಿಂತಿದ್ದ ಹಿರಿಯರೊಬ್ಬರು ಕೇಳಿಯೇಬಿಟ್ಟರು: “ಏನ್ ಸಾರ್ ಇದು, ಹೊಡೆಯೋದೇ ಇಲ್ವಲ್ಲ?”

ಎರಡು ಇನ್ನಿಂಗ್ಸ್ ಮುಗಿದಾಗ 20-21. ಏಕಪಕ್ಷೀಯ ಆಟವನ್ನು ಬೇಗ ಮುಗಿಸೋಕೆ ರೂಲ್ ಇದೆ. ಮೂರು ಇನ್ನಿಂಗ್ಸ್ ಆದಾಗ 20 ರನ್ ಅಂತರ ಇದ್ದರೆ ಮುಗೀತು, ನಾಲ್ಕು ಆದಾಗ 15 ಇದ್ದರೂ ಸಾಕು. ಆದರೆ ಎರಡು ಟೀಮೂ ಒಂದೇ ಸಮ ಕೆಟ್ಟದಾಗಿ ಆಡಿದರೆ? ಅದಕ್ಕೆ ರೂಲ್ ಬುಕ್ಕಿನಲ್ಲಿ ಔಷಧಿ ಇಲ್ಲ. ಪೂರ್ತಿ ಆಟ ಅಂದರೆ ಏಳು ಇನ್ನಿಂಗ್ಸ್. ಲೆಕ್ಕ ಹಾಕಿ ನೋಡಿದೆ, ಗಣಪತಿ ಹಬ್ಬಕ್ಕೆ ಮನೆಗೆ ಹೋಗೋದು ಡೌಟು.

ಎರಡೂ ಕಡೆಯ ಪಿಟಿ ಮೇಷ್ಟ್ರುಗಳನ್ನು ಕರೆದೆ. “ಇನ್ಮೇಲೆ ಭುಜದಿಂದ ಮಂಡಿ ಕೆಳಗಿನವರೆಗೂ ಸ್ಟ್ರೈಕ್ ಕೊಡ್ತೀನಿ. ಪ್ಲೇಟಿನ ಆಚೆ ಈಚೆ ಒಂದೊಂದು ಗೇಣು. ಇಬ್ಬರಿಗೂ ಒಂದೇ. ಆಗಬಹುದಾ?” ಮಾತು ಮುಗಿಯೋ ಮೊದಲೇ ಇಬ್ಬರೂ ತಲೆ ಆಡಿಸಿದರು.

ಇದು ತಪ್ಪು ಅನ್ನುವವರು ಇದ್ದಾರೆ, ಗೊತ್ತು. ಸೆಲೆಕ್ಷನ್ ಮ್ಯಾಚ್ ಆಗಿದ್ದರೆ ನಾನೂ ಹೀಗೆ ಮಾಡುತ್ತಿರಲಿಲ್ಲ. ಆದರೆ ಪುಸ್ತಕದಲ್ಲಿ ಇರೋ ಹಾಗೇ ನಡೆಸಿದ್ದರೆ ಈ ಮಕ್ಕಳು ಕಲೀತಿದ್ದದ್ದು ಒಂದೇ. ಬ್ಯಾಟನ್ನು ಹೆಗಲ ಮೇಲಿಟ್ಟುಕೊಂಡು ಸುಮ್ನೆ ನಿಂತರೆ ಬೇಸ್ ಸಿಗುತ್ತೆ ಅಂತ. ಅದೂ ಒಂದು ಆಟವಾ?

ಮೊದಲು ಇಬ್ಬರು ನಿಂತಲ್ಲೇ ಔಟಾಗಿ ನನ್ನನ್ನೇ ಗುರಾಯಿಸಿದರು. ಆಮೇಲೆ ಬೀಸೋಕೆ ಶುರು ಮಾಡಿದರು ನೋಡಿ! ಸಣ್ಣ ಹುಡುಗಿಯೊಬ್ಬಳು ಬಲಗಡೆಗೆ ಒಂದು ಬಾರಿಸಿದಳು. ಬ್ಯಾಟ್ ಹಿಡಿದುಕೊಂಡೇ ಓಡಿ, ಕ್ರಿಕೆಟ್ಟಿನ ಕ್ರೀಸ್ ಮುಟ್ಟಿದ ಹಾಗೆ ಬೇಸಿನ ಮರಳು ಚೀಲಕ್ಕೆ ಬ್ಯಾಟ್ ಒರಗಿಸಿ ನಿಂತಳು. ಇಲ್ಲಿ ಬ್ಯಾಟ್ ತಾಗಿಸಿದರೆ ಲೆಕ್ಕಕ್ಕಿಲ್ಲ, ಬೇಸನ್ನು ತಾನೇ ಮುಟ್ಟಬೇಕು. ಅವಳ ಕಾಲು ಚೀಲದಿಂದ ಒಂದು ಮಾರು ದೂರ. ಫಸ್ಟ್ ಬೇಸ್ ಕಾಯೋ ಹುಡುಗಿಯ ಕೈಯಲ್ಲಿ ಬಾಲಿದೆ, ಬೇಸ್ ತುಳಿದಿದ್ದರೆ ಸಾಕು, ಔಟ್. ಅವಳೂ ಕ್ರಿಕೆಟ್ ನೋಡಿ ಬೆಳೆದವಳೇ ಅಲ್ವಾ, ‘ಅಯ್ಯೋ, ತಪ್ಪಿಸಿಕೊಂಡಳು’ ಅನ್ನೋ ಮುಖ ಮಾಡಿ ಬಾಲನ್ನು ಪಿಚರಿಗೆ ವಾಪಸ್ ಎಸೆದಳು. ಅಂಪೈರ್ ಆಗಿ ನಾನು ಹೇಳಿಕೊಡೋ ಹಾಗಿಲ್ಲ. ನಗೋ ಹಾಗೂ ಇಲ್ಲ.

ಮೂರನೇ ಇನ್ನಿಂಗ್ಸ್‌ನಲ್ಲಿ ಎರಡೂ ಕಡೆ ಸೇರಿ ಐದೇ ರನ್. ನಾಲ್ಕನೆಯದು ಮುಗಿದಾಗ 25-24. ಕಡೂರಿನವರಿಗೆ ಬಸ್ಸಿಗೆ ಹೊತ್ತಾಗಿತ್ತು, ಅಲ್ಲಿಗೇ ನಿಲ್ಲಿಸಿದೆವು. ಒಂದು ರನ್ನಿಂದ ಗೆದ್ದಿದ್ದಕ್ಕೆ ಆ ಹುಡುಗಿಯರು ಕಿರುಚಿದ್ದು ಬಸ್‌ಸ್ಟ್ಯಾಂಡಿಗೂ ಕೇಳಿಸಿರಬೇಕು.

ಹಬ್ಬ ಕಳೆದ ಮೇಲೆ ಕಡೂರಲ್ಲಿ ಇನ್ನೊಂದು ಮ್ಯಾಚ್ ಇಡುತ್ತಾರಂತೆ. “ಬೇರೆ ಯಾರನ್ನಾದ್ರೂ ನೋಡಿ ಮೇಷ್ಟ್ರೇ” ಅಂದೆ.

“ಬೇರೆ ಯಾರಿದ್ದಾರೆ ಸರ್?” ಅಂದರು.