ಕಪ್ಪತ್ತಗುಡ್ಡಕ್ಕೆ ಹೊರಟಿದ್ದೀರಾ? ನೀರು ಜಾಸ್ತಿ ಇಟ್ಟುಕೊಳ್ಳಿ

ಮೊದಲೇ ಹೇಳಿಬಿಡುತ್ತೇನೆ, ಗದಗ ಜಿಲ್ಲೆಯ ಈ ಗುಡ್ಡಸಾಲು ದಾಂಡೇಲಿಯಂಥ ಕಾಡಲ್ಲ. ಕುರುಚಲು ಗಿಡ, ಎದೆಮಟ್ಟ ಹುಲ್ಲು, ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು, ಅಷ್ಟೇ. ಆದರೆ ಎಪ್ಪತ್ತು ಗಿರಿಗಿಂತ ಕಪ್ಪತ್ತಗಿರಿ ನೋಡು ಅನ್ನೋ ಮಾತು ಸುಮ್ನೆ ಹುಟ್ಟಿಲ್ಲ.

ನಾವು ಮೂವರು ಸೆಪ್ಟೆಂಬರಿನ ಒಂದು ಭಾನುವಾರ ನಸುಕಿನಲ್ಲೇ ಹುಬ್ಬಳ್ಳಿ ಬಿಟ್ಟೆವು. ಗದಗದಲ್ಲಿ ಚಹಾ, ಪೆಟ್ರೋಲ್. ಅಲ್ಲಿಂದ ಗುಡ್ಡದ ಹತ್ತಿರದ ಊರು ಡಂಬಳ ಸುಮಾರು 20 ಕಿ.ಮೀ. ಮಳೆ ಮುಗಿಯುವ ಹೊತ್ತಿಗೆ ಹೋದರೆ ಗುಡ್ಡ ಪೂರ್ತಿ ಹಸಿರು. ಬೇಸಿಗೆಯಲ್ಲಿ ಬೇಡ, ಹುಲ್ಲು ಒಣಗಿ ಬೆಂಕಿ ಬೀಳುವ ಕಾಲ ಅದು.

2019ರಿಂದ ಇದು ವನ್ಯಜೀವಿ ಧಾಮ, 244 ಚದರ ಕಿ.ಮೀ. ಹಾಗಾಗಿ ಎಲ್ಲಿವರೆಗೆ ಹೋಗಬಹುದು ಅಂತ ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೆಜ್ಜೆ ಇಡಿ. ನಮ್ಮ ಗೆಳೆಯ ಅಲ್ಲಿದ್ದ ಗಾರ್ಡ್ ಒಬ್ಬರನ್ನು ಕೇಳಿದ: "ಅಣ್ಣಾರ, ಕತ್ತೆಕಿರುಬ ಕಾಣತೈತೇನ್ರಿ?" ಅವರು ನಕ್ಕರು. "ಅದರದು ರಾತ್ರಿ ಪಾಳಿರಿ, ನಿಮ್ಮದು ಹಗಲ ಪಾಳಿ." ಸ್ವಲ್ಪ ಮುಂದೆ ಬಂಡೆ ಪಕ್ಕ ಬಿದ್ದಿದ್ದ ಒಣಗಿದ ಹಿಕ್ಕೆ ತೋರಿಸಿದರು. ಥೇಟ್ ಸುಣ್ಣದ ಉಂಡೆ! ಎಲುಬನ್ನೂ ಅಗಿದು ತಿನ್ನುತ್ತದಲ್ವಾ, ಅದಕ್ಕೇ ಅಷ್ಟು ಬಿಳಿ. ತೋಳ, ಚಿರತೆ, ಕೊಂಡುಕುರಿ ಕೂಡ ಇಲ್ಲಿವೆ, ನಮಗೆ ಕಂಡಿದ್ದು ನವಿಲು ಮಾತ್ರ. ಆದರೂ ಆ ಹಿಕ್ಕೆ ನೋಡಿದ ಮೇಲೆ ದಾರಿಯುದ್ದಕ್ಕೂ ನೆಲ ನೋಡಿಕೊಂಡೇ ನಡೆದೆವು, ಯಾವ ಹೆಜ್ಜೆ ಯಾರದು ಅಂತ ವಾದ ಮಾಡುತ್ತಾ.

ನಮ್ಮ ತಪ್ಪು ನೀರಿನದು. ಮೂವರಿಗೆ ಎರಡೇ ಲೀಟರ್. ಮೇಲೆ ಗಾಳಿ ಎಷ್ಟು ಬೀಸುತ್ತದೆ ಅಂದರೆ (ನನ್ನ ಟೋಪಿ ಈಗಲೂ ಅಲ್ಲೇ ಎಲ್ಲೋ ಇದೆ) ಬಿಸಿಲಿನ ಕಾವೇ ಗೊತ್ತಾಗುವುದಿಲ್ಲ, ಹತ್ತು ಗಂಟೆಗೆಲ್ಲ ತಲೆ ಸಿಡಿಯಲು ಶುರುವಾಯಿತು. ಒಬ್ಬರಿಗೆ ಎರಡು ಲೀಟರ್ ಬೇಕೇ ಬೇಕು. ಖಾಲಿ ಬಾಟಲಿ ವಾಪಸ್ ತನ್ನಿ.

ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡ ಅಂತ ಬೇರು, ಎಲೆ ಕಿತ್ತು ಚೀಲಕ್ಕೆ ಹಾಕಬೇಡಿ. ಧಾಮದೊಳಗೆ ಅದು ಅಪರಾಧ, ಮೇಲಾಗಿ ಯಾವುದು ಏನೆಂದು ನಮಗೆಲ್ಲಿ ಗೊತ್ತು?

ವಾಪಸ್ ಬರುವಾಗ ಡಂಬಳದ ದೊಡ್ಡಬಸಪ್ಪನ ಗುಡಿ ಬಿಡಬೇಡಿ. ಕಲ್ಯಾಣ ಚಾಲುಕ್ಯರ ಕಾಲದ್ದು, ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಕಟ್ಟಿದ್ದಾರೆ. ಆಮೇಲೆ ಹೊರಗೆ ಮರದ ಕೆಳಗೆ ಬುತ್ತಿ ಬಿಚ್ಚಿದೆವು, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ. ತಿನ್ನುವುದಕ್ಕಿಂತ ಸಾಕ್ಸಿಗೆ ಅಂಟಿದ ಉತ್ತರಾಣಿ ಕೀಳುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ದಪ್ಪ ಪ್ಯಾಂಟು ಹಾಕಿಕೊಂಡು ಹೋಗಿ.