ಪದ ಎಲ್ಲಿಂದ ತರ್ತೀರಿ ಅಂತ ಕೇಳುವವರಿಗೆ

"ದಿನಾ ಒಂದೊಂದು ಪದ ಎಲ್ಲಿಂದ ತರ್ತೀರಿ? ಕಂಪ್ಯೂಟರೇ ಹಾಕುತ್ತೆ, ಅಲ್ವಾ?"

ಈ ಪ್ರಶ್ನೆ ನನಗೆ ಮುಂಬೈಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ಬಂದಿದೆ. ಮದುವೆ ಊಟದ ಪಂಕ್ತಿಯಲ್ಲಿ ಬಂದಿದೆ. ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದು ಮಲಗಿದ್ದಾಗಲೂ ಬಂದಿದೆ. ಹೇಳಿ ಹೇಳಿ ಸಾಕಾಯಿತು. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ನಾನು ದಿನಕ್ಕೊಂದು ಕನ್ನಡ ಪದದ ಆಟ ನಡೆಸುತ್ತೇನೆ, ಫೋನಿನಲ್ಲೇ ಆಡುವಂಥದ್ದು. ನಾಲ್ಕಕ್ಷರದ ಒಂದು ಪದ ಅಡಗಿರುತ್ತದೆ. ಎಂಟು ಸಲದೊಳಗೆ ಕಂಡುಹಿಡಿಯಬೇಕು. ರಾತ್ರಿ ಹನ್ನೆರಡಕ್ಕೆ ಹೊಸ ಪದ.

ಕಂಪ್ಯೂಟರ್ ಹಾಕುವುದಿಲ್ಲ. ನಾನು ಹಾಕುತ್ತೇನೆ. ಒಂದೊಂದನ್ನೂ.

ಆ "ಅಲ್ವಾ" ಕೇಳಿದರೇ ನನಗೆ ಸಿಟ್ಟು ಬರುತ್ತದೆ. ಉತ್ತರ ತಾವೇ ಇಟ್ಟುಕೊಂಡು ಬಂದು, ನನ್ನಿಂದ ಹೂಂ ಅನ್ನಿಸಿಕೊಂಡು ಹೋಗುವವರು ಇವರು. ಇದೇ ಥರದ ಇಂಗ್ಲಿಷ್ ಆಟ ವರ್ಡಲ್‌ ಅನ್ನೇ ನೋಡಿ. ಜಾಶ್ ವಾರ್ಡಲ್ ಅದನ್ನು 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಆಟ ಕಟ್ಟುವಾಗ ವಾರ್ಡಲ್ ಮುಂದೆ ಐದಕ್ಷರದ ಸುಮಾರು 12,000 ಪದ ಇದ್ದವು. ಅವರ ಸಂಗಾತಿ ಪಾಲಕ್ ಶಾ ಕೂತು, ಯಾವುದು ಗೊತ್ತು ಯಾವುದು ಗೊತ್ತಿಲ್ಲ ಅಂತ ಸೋಸಿ, ಸುಮಾರು 2,500ಕ್ಕೆ ಇಳಿಸಿದರು. ಒಬ್ಬ ಮನುಷ್ಯರು ಕೂತು ಸೋಸಿದ್ದು. ಆ ಆಟದ ಜೀವ ಇರುವುದೇ ಅಲ್ಲಿ ಅಂತ ನಾನು ನಂಬಿದ್ದೇನೆ.

ಕನ್ನಡದಲ್ಲಿ ಕೆಲಸ ಇನ್ನೂ ಜಾಸ್ತಿ. ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಅನ್ನುವ ಪದ ತಗೊಳ್ಳಿ. ನಮ್ಮ ಕಿವಿಗೆ ಉ, ಳ್ಳಾ, ಗ, ಡ್ಡಿ, ನಾಲ್ಕೇ ಅಕ್ಷರ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿ ಅದನ್ನು ಹತ್ತು ತುಂಡಾಗಿ ಎಣಿಸುತ್ತದೆ. ದೀರ್ಘ ಒಂದು, ಗುಡಿಸು ಒಂದು, ಒತ್ತು ಕೊಡುವ ಹಲಂತ ಎರಡು ಕಡೆ. ಹಾಗಾಗಿ ಮೊದಲು ಕಂಪ್ಯೂಟರಿಗೆ ಅಕ್ಷರ ಅಂದರೇನು ಅಂತ ಕಲಿಸಬೇಕಾಯಿತು. ಆಮೇಲೆ ಬಣ್ಣದ ತಕರಾರು. ಇಂಥ ಆಟದಲ್ಲಿ ಅಕ್ಷರವೂ ಜಾಗವೂ ಸರಿಯಿದ್ದರೆ ಹಸಿರು, ಅಕ್ಷರ ಇದ್ದು ಜಾಗ ತಪ್ಪಿದರೆ ಹಳದಿ, ಅಕ್ಷರವೇ ಇಲ್ಲದಿದ್ದರೆ ಬೂದು. ಇಂಗ್ಲಿಷಿನಲ್ಲಿ 26 ಅಕ್ಷರ. ನಮ್ಮಲ್ಲಿ 34 ವ್ಯಂಜನ, 13 ಸ್ವರ. ಒತ್ತಕ್ಷರ ಬಿಟ್ಟೇ ಗುಣಿಸಿದರೂ 442. ಹಸಿರು, ಹಳದಿ ಎರಡೇ ಬಣ್ಣ ಇಟ್ಟರೆ ಆಡುವವರು ಅಲ್ಲೇ ಸೋತರು.

ಹೇಗೆ ಅಂದರೆ, ಉತ್ತರ ಉಳ್ಳಾಗಡ್ಡಿ ಅಂತಿಟ್ಟುಕೊಳ್ಳಿ. ನೀವು ಹಳ್ಳಿಗಾಡು ಅಂತ ಹಾಕಿದಿರಿ. ಎಷ್ಟು ಹತ್ತಿರ ಬಂದಿದ್ದೀರಿ! ಆದರೆ ಳ್ಳಿ ಬೇರೆ ಳ್ಳಾ ಬೇರೆ, ಗಾ ಬೇರೆ ಗ ಬೇರೆ, ಡು ಬೇರೆ ಡ್ಡಿ ಬೇರೆ. ಎರಡು ಬಣ್ಣದ ಲೆಕ್ಕದಲ್ಲಿ ನಾಲ್ಕೂ ಮನೆ ಬೂದು. ಅದು ಅನ್ಯಾಯ. ಅದಕ್ಕೇ ನೇರಳೆ ತಂದೆ. ವ್ಯಂಜನ ಸರಿ, ಗುಣಿತವೋ ಒತ್ತೋ ಬೇರೆ ಅಂದರೆ ನೇರಳೆ. ಈಗ ಹಳ್ಳಿಗಾಡಿಗೆ ಮೂರು ನೇರಳೆ ಬೀಳುತ್ತದೆ. ಈ ಬಣ್ಣದ ಬಗ್ಗೆ ನನಗೆ ಹೆಮ್ಮೆ ಇದೆ. ಇದರ ಬಗ್ಗೆ ಮಾತ್ರ ಒಬ್ಬರೂ ಕೇಳಿಲ್ಲ.

ಉಳ್ಳಾಗಡ್ಡಿಯನ್ನು ನಿಜವಾಗಿಯೂ ಒಂದು ದಿನ ಹಾಕಿದ್ದೆ. ಅದೇ ವಾರ ಮಾಟುಂಗದಲ್ಲಿ ರಾಜ್ಯೋತ್ಸವ. ಊಟದ ಸಾಲಿನಲ್ಲಿ ಹೋಳಿಗೆ ಹಿಡಿದ ಹಿರಿಯರೊಬ್ಬರು ನನ್ನನ್ನು ತಡೆದರು. ಕುಂದಾಪುರದ ಕಡೆಯವರು, ಈ ಊರಿಗೆ ಬಂದು ನಲವತ್ತು ವರ್ಷ.

"ಎಂತ ಮಾರಾಯ್ರೆ, ಅದು ಕನ್ನಡವಾ? ನಾವು ನೀರುಳ್ಳಿ ಅನ್ನುದು. ಕಂಪ್ಯೂಟರ್ ಎಲ್ಲಿಂದಲೋ ಎತ್ತಿ ಹಾಕಿದ್ದು, ಅಲ್ವಾ?"

"ಭಾಜಿವಾಲಾನ ಹತ್ತಿರ ನೀವು ದಿನಾ ಕಾಂದಾ ಅಂತೀರಲ್ಲ ಅಂಕಲ್, ಅದು ಯಾವ ಕನ್ನಡ?" ಅಂದೆ. ಮರಾಠಿಯಲ್ಲಿ ಈರುಳ್ಳಿಗೆ ಕಾಂದಾ.

ಅವರ ಹೆಂಡತಿ ನಕ್ಕರು. ಅವರು ನಗಲಿಲ್ಲ. ಹಿರಿಯರಿಗೆ ಹಾಗೆ ಹೇಳಬಾರದಿತ್ತು, ಒಪ್ಪುತ್ತೇನೆ. ಆದರೆ ನಾನು ಹೇಳಿದ್ದು ಸುಳ್ಳಲ್ಲ. ಮುಂಬೈಯಲ್ಲಿ ಲೋಕಲ್‌ನ ಒಂದೇ ಡಬ್ಬಿಯಲ್ಲಿ ಉಡುಪಿಯ ನೀರುಳ್ಳಿ, ಬೆಂಗಳೂರಿನ ಈರುಳ್ಳಿ, ವಿಜಯಪುರದ ಉಳ್ಳಾಗಡ್ಡಿ ಒಟ್ಟಿಗೆ ನಿಂತಿರುತ್ತವೆ. ಮೂರನ್ನೂ ಒಡೆದು ನೋಡಿ. ನೀರುಳ್ಳಿಯ ಬಾಲದಲ್ಲಿರುವ ಉಳ್ಳಿಯೇ ಉಳ್ಳಾಗಡ್ಡಿಯ ತಲೆಯಲ್ಲೂ ಇದೆ. ಬೆಳ್ಳುಳ್ಳಿಯಲ್ಲೂ ಅದೇ. ಇನ್ನು ಗಡ್ಡಿ ಅಂದರೆ ಗಡ್ಡೆ. ಕೇಳದೇ ಇದ್ದರೂ ಊಹಿಸಬಹುದು. ನಾನು ಪದ ಆರಿಸುವುದು ಹೀಗೆ. ಕಾಗುಣಿತ ನೋಡಲು ಕಿಟ್ಟೆಲ್ ನಿಘಂಟು ಇದೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿರುವ ವಿ. ಕೃಷ್ಣ ಅವರ ಅಲರ್ ನಿಘಂಟು ಇದೆ. ಆದರೆ ಸೋತವರು "ಛೇ, ಇದು ಹೊಳೀಬೇಕಿತ್ತು" ಅನ್ನುತ್ತಾರೋ ಇಲ್ಲವೋ ಅಂತ ಯಾವ ನಿಘಂಟೂ ಹೇಳುವುದಿಲ್ಲ. ಅದಕ್ಕೆ ಮೊದಲು ಮನೆಯವರ ಮೇಲೆ ಪ್ರಯೋಗ ಮಾಡುತ್ತೇನೆ, ಆಮೇಲೆ ಲೋಕಲ್‌ನ ಗೆಳತಿಯರ ಮೇಲೆ.

ಉಳ್ಳಾಗಡ್ಡಿಯ ದಿನವೇ ಡೊಂಬಿವಲಿ ಪಕ್ಕದ ಕಲ್ಯಾಣದಿಂದ ಇನ್ನೊಬ್ಬರ ಮೆಸೇಜೂ ಬಂತು. "ಎರಡ ಸಲಕ್ಕ ಬಂತ್ರಿ. ನಮ್ಮವ್ವ ಹಿಂಗ ಅಂತಿದ್ಳು. ಭಾಳ ದಿವಸದ ಮ್ಯಾಲೆ ಈ ಮಾತು ನೋಡಿದೆ." ಅದನ್ನು ಎಷ್ಟು ಸಲ ಓದಿದೆನೋ.

ಪದ ಎಲ್ಲಿಂದ ತರ್ತೀರಿ ಅಂತ ಕೇಳುವ ಬದಲು, ಇಷ್ಟವಿದ್ದೂ ಹಾಕದೇ ಇಟ್ಟುಕೊಂಡ ಪದ ಯಾವುದು ಅಂತ ಯಾರಾದರೂ ಕೇಳಬಾರದೇ?

ಮೆಟ್ಟುಗತ್ತಿ.

ಲೆಕ್ಕಕ್ಕೆ ಸರಿಯಾಗಿ ನಾಲ್ಕಕ್ಷರ. ಮಳೆಗಾಲದ ಹಾಗೆಯೇ ಇಲ್ಲಿಯೂ ಕ ಹೋಗಿ ಗ ಬಂದಿದೆ. ಮರದ ಮಣೆ, ಅದರಿಂದ ಮೇಲೆದ್ದ ಬಾಗಿದ ಅಲಗು. ಬೇರೆ ಕಡೆ ಈಳಿಗೆ ಅನ್ನುತ್ತಾರೆ. ಅಮ್ಮ ಶಿರಸಿಯಿಂದ ಬರುವಾಗ ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದಳು. ಡೊಂಬಿವಲಿಯ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಅಲ್ಲೇ ನೆಲದ ಮೇಲೆ ಕೂತು, ಮಣೆಯನ್ನು ಕಾಲಲ್ಲಿ ಮೆಟ್ಟಿಕೊಂಡು, ತೊಂಡೆಕಾಯಿ ಹೆಚ್ಚುತ್ತಿದ್ದಳು. ಬಾಯಲ್ಲಿ ನಮ್ಮ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದಳು, ಕಣ್ಣು ಅಲಗಿನ ಮೇಲೆ. ಈಗ ಅಮ್ಮ ಇಲ್ಲ. ಮೆಟ್ಟುಗತ್ತಿ ಅಟ್ಟದ ಮೇಲಿದೆ. ಅಲಗಿಗೆ ಕೊಬ್ಬರಿ ಎಣ್ಣೆ ಹಚ್ಚಿ ಇಟ್ಟಿದ್ದೇನೆ.

ಪಟ್ಟಿಗೆ ಸೇರಿಸಿ, ಮಧ್ಯರಾತ್ರಿಗೆ ಮೊದಲು ತೆಗೆದದ್ದು ಮೂರು ಸಲ. ಬೇರೆ ಯಾವ ಪದಕ್ಕಾದರೂ "ಅದು ಕನ್ನಡವಾ" ಅನ್ನಲಿ, ಜಗಳ ಆಡುತ್ತೇನೆ. ಇದಕ್ಕೆ ಅಂದರೆ ನನಗೆ ತಡೆಯುವುದಿಲ್ಲ.

ಇವತ್ತು ಇಲ್ಲಿ ಬರೆದುಬಿಟ್ಟೆ. ಇದನ್ನು ಓದಿದವರು ಮರೆಯುವಷ್ಟು ದಿನ ಬಿಟ್ಟು ಹಾಕುತ್ತೇನೆ.